ಜೇನಿನ ಅಂಟು, ಪಾಪ್ಲರ್ ಮರ, ಅಮ್ಮನ ಕೀಮೋ

ಹಿಂದಿನ ಸಂಚಿಕೆಯಲ್ಲಿ ಜೇನುತುಪ್ಪದ ಬಗ್ಗೆ ಬರೆಯುವಾಗ ಪ್ರೊಪೊಲಿಸ್ ಹೆಸರು ಒಂದು ಸಾಲಿನಲ್ಲಿ ಬಂದಿತ್ತು, ಅಷ್ಟೆ. ಅದಕ್ಕೇ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ ಇವೆ. ಅರ್ಧದಷ್ಟು ಪತ್ರಗಳಲ್ಲಿ "ಕೇಪ್" ಎಂಬ ಹೆಸರೂ ಇದೆ. ಹಾಗಾಗಿ ಈ ಪುಟ ಪೂರ್ತಿ ಅದಕ್ಕೇ.

ಗೊತ್ತಿಲ್ಲದವರಿಗೆ ಎರಡು ಮಾತು. ಜೇನುನೊಣ ಮರದ ಮೊಗ್ಗಿನಿಂದ, ತೊಗಟೆಯ ಗಾಯದಿಂದ ರಾಳ ಕಚ್ಚಿ ತರುತ್ತದೆ. ಅದಕ್ಕೆ ಮೇಣ ಬೆರೆಸಿ ಗೂಡಿನ ಬಿರುಕು ಮುಚ್ಚುತ್ತದೆ, ಒಳಗೋಡೆಗೆ ಬಳಿಯುತ್ತದೆ. ಆ ಕಂದು ಅಂಟೇ ಪ್ರೊಪೊಲಿಸ್. ಅದರಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ರಾಳ, ಮೂರನೇ ಒಂದು ಭಾಗದಷ್ಟು ಮೇಣ, ಉಳಿದದ್ದು ಸುಗಂಧ ತೈಲ, ಪರಾಗ, ಇತ್ಯಾದಿ. ಕೇಪ್ ಅನ್ನುವುದು ರಾಳದೊಳಗೆ ಇರುವ ಒಂದು ವಸ್ತು. ಪೂರ್ತಿ ಹೆಸರು ಕೆಫೀಕ್ ಆಸಿಡ್ ಫೀನೆಥೈಲ್ ಎಸ್ಟರ್. ಕಾಫಿಯ ಕೆಫೀನೇ ಇದು ಅಂದುಕೊಳ್ಳಬೇಡಿ, ಅದು ಬೇರೆ.

ನಾನು ಫಾರ್ಮಸಿ ಕಾಲೇಜಿನಲ್ಲಿ ಗಿಡಮೂಲದ ಔಷಧಿಗಳ ಪಾಠ ಮಾಡಿದವಳು. ಈಗ ಶಿರಸಿ ಹತ್ತಿರ ತೋಟದಲ್ಲಿದ್ದೇನೆ, ತುಡುವೆ ಜೇನಿನ ಪೆಟ್ಟಿಗೆಗಳಿವೆ. ಹಾಗಾಗಿ ಈ ಪತ್ರಗಳನ್ನು ಸುಮ್ನೆ ಓದಿ ಪಕ್ಕಕ್ಕಿಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ನನ್ನ ಅಮ್ಮನಿಗೆ ಸ್ತನ ಕ್ಯಾನ್ಸರ್. ಕೀಮೋ ನಡೆಯುತ್ತಿದೆ. ದುಬೈಯಿಂದ ಬಂದ ಸೋದರಮಾವ ಪ್ರೊಪೊಲಿಸ್ ಡ್ರಾಪ್ಸ್ ತಂದುಕೊಟ್ಟಿದ್ದಾರೆ. ಅದರಲ್ಲಿರುವ ಕೇಪ್ ಕ್ಯಾನ್ಸರ್ ಕೋಶವನ್ನು ಮಾತ್ರ ಕೊಲ್ಲುತ್ತದೆ, ಒಳ್ಳೆಯ ಕೋಶಕ್ಕೆ ಏನೂ ಮಾಡುವುದಿಲ್ಲ ಎಂದು ಓದಿದೆ. ಐದೈದು ಹನಿ ದಿನಕ್ಕೆ ಮೂರು ಸಲ ಕೊಡಬಹುದೇ? ಡಾಕ್ಟರನ್ನು ಕೇಳಿದರೆ ಬೈಯುತ್ತಾರೇನೋ ಎಂದು ಭಯ.
— ಓದುಗಿ, ದಾವಣಗೆರೆ

ಉತ್ತರ: ಬೈದರೂ ಸರಿ, ಡಾಕ್ಟರಿಗೆ ಹೇಳಲೇಬೇಕಮ್ಮ. ಬಾಟಲಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಅವರು ಹೂಂ ಅನ್ನುವವರೆಗೆ ಒಂದು ಹನಿಯೂ ಬೇಡ. ಯಾಕೆ ಅಂತ ಹೇಳುತ್ತೇನೆ.

ನೀವು ಓದಿದ್ದು ಸುಳ್ಳಲ್ಲ. ಅದರ ಮೂಲ 1988ರ ಒಂದು ಪ್ರಬಂಧ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡೆಜಿಡರ್ ಗ್ರುನ್‌ಬರ್ಗರ್ ಮತ್ತು ಜೊತೆಗಾರರು ಪ್ರೊಪೊಲಿಸ್‌ನಿಂದ ಕೇಪನ್ನು ಬೇರ್ಪಡಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿ ನೋಡಿದರು. ಸ್ತನ ಕ್ಯಾನ್ಸರ್ ಕೋಶ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಕೋಶ ಎರಡೂ ಅದರಲ್ಲಿದ್ದವು. ಕ್ಯಾನ್ಸರ್ ಕೋಶಗಳು ಜಾಸ್ತಿ ಸತ್ತವು, ಸಾಮಾನ್ಯ ಕೋಶಗಳಿಗೆ ಪೆಟ್ಟು ಕಡಿಮೆ ಬಿತ್ತು. ಅದು ನಿಜವಾಗಿಯೂ ಕುತೂಹಲದ ಸಂಗತಿ. ಆಮೇಲೆ ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಕೇಪ್ ಹಿಂದೆ ಬಿದ್ದವು.

ಆದರೆ ತಟ್ಟೆಯಲ್ಲಿ ಕೋಶಗಳು ಕೇಪಿನಲ್ಲಿ ಮುಳುಗಿಯೇ ಇರುತ್ತವೆ. ಅಮ್ಮನ ದೇಹದಲ್ಲಿ ಹಾಗಲ್ಲ. ಹನಿ ಬಾಯಿಗೆ ಬಿದ್ದು, ಹೊಟ್ಟೆ ದಾಟಿ, ಕರುಳು ದಾಟಿ, ಲಿವರ್ ದಾಟಿ ರಕ್ತಕ್ಕೆ ಹೋಗಬೇಕು. ಅಲ್ಲಿಂದ ಗಡ್ಡೆಗೆ.

ಒಂದು ಲೆಕ್ಕ ಹಾಕೋಣ. ನಿಮ್ಮ ಬಾಟಲಿಯ ಮೇಲೆ 20 ಪರ್ಸೆಂಟ್ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಅಂದರೆ ಒಂದು ಮಿ.ಲೀ.ನಲ್ಲಿ 200 ಮಿ.ಗ್ರಾಂ ಪ್ರೊಪೊಲಿಸ್. ಮಿ.ಲೀ.ಗೆ 20 ಹನಿ ಎಂದು ಹಿಡಿದರೆ ದಿನದ 15 ಹನಿಗೆ 150 ಮಿ.ಗ್ರಾಂ ಪ್ರೊಪೊಲಿಸ್ ಸಿಗುತ್ತದೆ. ಅದರಲ್ಲಿ ಕೇಪ್ ನೂರಕ್ಕೆ ಒಂದು ಪಾಲು ಇದ್ದರೆ ಒಟ್ಟು ಒಂದೂವರೆ ಮಿ.ಗ್ರಾಂ. ಈಗ ಇಲಿಗಳ ಪ್ರಯೋಗ ನೋಡಿ. ಟರ್ಕಿಯ ಸಂಶೋಧಕರು ಕೇಪ್ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಅವರು ಹೆಚ್ಚಾಗಿ ಕೊಟ್ಟ ಪ್ರಮಾಣ ಕೆ.ಜಿ. ತೂಕಕ್ಕೆ 10 ಮೈಕ್ರೋಮೋಲ್, ಅಂದರೆ ಸುಮಾರು 2.8 ಮಿ.ಗ್ರಾಂ. ಅದೂ ಶುದ್ಧ ಕೇಪ್, ಹೊಟ್ಟೆಯೊಳಗೆ ಇಂಜೆಕ್ಷನ್. ಇಲಿಯ ಲೆಕ್ಕವನ್ನು ಮನುಷ್ಯರಿಗೆ ತರುವಾಗ ಆರರಿಂದ ಭಾಗಿಸುವ ರೂಢಿ ಇದೆ. ಹಾಗೆ ಭಾಗಿಸಿದರೂ 55 ಕೆ.ಜಿ. ಇರುವವರಿಗೆ ಸುಮಾರು 25 ಮಿ.ಗ್ರಾಂ ಆಗುತ್ತದೆ. ಇಂಜೆಕ್ಷನ್‌ನಲ್ಲಿ 25 ಎಲ್ಲಿ, ಬಾಯಲ್ಲಿ ಒಂದೂವರೆ ಎಲ್ಲಿ?

ಹಾಗಾದರೆ ಇಡೀ ಬಾಟಲಿ ಕುಡಿಸಿದರೆ ಆಯಿತಲ್ವಾ ಎಂದು ಯಾರಾದರೂ ಹೇಳಬಹುದು. ಖಂಡಿತ ಬೇಡ. ಆ ಡ್ರಾಪ್ಸ್ ಸಾಮಾನ್ಯವಾಗಿ ಆಲ್ಕೋಹಾಲ್‌ನಲ್ಲಿ ಕರಗಿಸಿದ್ದು. ಪ್ರಮಾಣ ಏರಿಸಿದಂತೆ ಕೇಪ್ ಒಂದೇ ಏರುವುದಿಲ್ಲ, ನೂರಾರು ಬೇರೆ ವಸ್ತುಗಳೂ ಏರುತ್ತವೆ. ತೈವಾನ್‌ನಲ್ಲಿ ಪಿತ್ತನಾಳದ ಕ್ಯಾನ್ಸರ್ ಇದ್ದ ಒಬ್ಬರು ಪ್ರೊಪೊಲಿಸ್ ತೆಗೆದುಕೊಳ್ಳುತ್ತಿದ್ದಾಗ ಕಿಡ್ನಿ ಕೈಕೊಟ್ಟಿತು. ನಿಲ್ಲಿಸಿದಾಗ ಸುಧಾರಿಸಿತು, ಮತ್ತೆ ಶುರುಮಾಡಿದಾಗ ಮತ್ತೆ ಕೆಟ್ಟಿತು. 2005ರಲ್ಲಿ ವೈದ್ಯರು ಅದನ್ನು ಪ್ರಕಟಿಸಿದರು. ಒಬ್ಬರಿಗೆ ಆದದ್ದು ಎಲ್ಲರಿಗೂ ಆಗುತ್ತದೆ ಎಂದಲ್ಲ. ಆದರೆ ಕೀಮೋ ಸಮಯದಲ್ಲಿ ಕಿಡ್ನಿ, ಲಿವರ್ ಎರಡೂ ಮೊದಲೇ ದಣಿದಿರುತ್ತವೆ. ಆ ಹೊತ್ತಿನಲ್ಲಿ ಇನ್ನೊಂದು ಭಾರ ಹೊರಿಸಬಾರದು.

ಇನ್ನೊಂದು ವಿಷಯ ಜನ ಮಾತಾಡುವುದೇ ಇಲ್ಲ. ಇಲಿಗಳಲ್ಲಿ ಕೇಪ್ ಕೊಟ್ಟಾಗ ಕೆಲವು ಕೀಮೋ ಔಷಧಿಗಳಿಂದ ಹೃದಯಕ್ಕೆ, ಕಿಡ್ನಿಗೆ ಆಗುವ ಹಾನಿ ಕಡಿಮೆಯಾಯಿತು. ಕೇಳಲು ಚೆಂದ. ಆದರೆ ಹೃದಯವನ್ನು ಕಾಪಾಡುವ ವಸ್ತು ಗಡ್ಡೆಯನ್ನೂ ಕಾಪಾಡಿಬಿಟ್ಟರೆ? ಕೆಲವು ಕೀಮೋ ಔಷಧಿಗಳು ಕೋಶದಲ್ಲಿ ಆಮ್ಲಜನಕದ ಉರಿ ಎಬ್ಬಿಸಿಯೂ ಕೆಲಸ ಮಾಡುತ್ತವೆ. ಕೇಪ್ ಆ ಉರಿಯನ್ನು ಆರಿಸುವ ಜಾತಿಯದ್ದು. ಅದಕ್ಕೇ ಕ್ಯಾನ್ಸರ್ ಡಾಕ್ಟರುಗಳು ಕೀಮೋ ನಡುವೆ ಇಂಥವನ್ನು ಬೇಡ ಅನ್ನುವುದು. ಅದು ಬೈಗುಳ ಅಲ್ಲ, ಕಾಳಜಿ.

ಒಂದು ಕಡೆ ಮಾತ್ರ ನಿಮಗೆ ಉಪಯೋಗ ಇರಬಹುದು. ಕೀಮೋದಿಂದ ಬಾಯಿ ಹುಣ್ಣಾಗಿ ಅಮ್ಮನಿಗೆ ಅನ್ನ ನುಂಗಲು ಕಷ್ಟವಾಗುತ್ತಿದೆಯೇ? ಅಂಥ ಹುಣ್ಣಿಗೆ ಪ್ರೊಪೊಲಿಸ್ ಬಾಯಿ ಮುಕ್ಕಳಿಸುವ ದ್ರಾವಣ ಕೊಟ್ಟು ಇರಾನ್‌ನಲ್ಲಿ ಸಣ್ಣ ಪ್ರಯೋಗಗಳು ನಡೆದಿವೆ. ರೋಗಿಗಳಿಗೆ ಹುಣ್ಣು ಕಡಿಮೆಯಾಗಿದೆ. ಇದನ್ನು ಡಾಕ್ಟರ ಹತ್ತಿರ ಕೇಳಬಹುದು. ಆದರೆ ಮಾವ ತಂದ ಡ್ರಾಪ್ಸನ್ನು ಹುಣ್ಣಿನ ಮೇಲೆ ಹಾಕಬೇಡಿ. ಆಲ್ಕೋಹಾಲ್ ಬಿದ್ದರೆ ಅಮ್ಮ ಉರಿಯಿಂದ ಒದ್ದಾಡಿಬಿಡುತ್ತಾರೆ.

ಮಾವನಿಗೆ ಬೇಜಾರು ಮಾಡಬೇಡಿ. ಅವರು ಪ್ರೀತಿಯಿಂದ ತಂದಿದ್ದಾರೆ. ಕೀಮೋ ಮುಗಿಯಲಿ, ಡಾಕ್ಟರನ್ನು ಕೇಳಿ ನೋಡೋಣ ಅಂತ ಹೇಳಿ.

ಪ್ರಶ್ನೆ: ನಾನು ಬಿ.ಫಾರ್ಮಾ ಕೊನೆಯ ವರ್ಷದ ವಿದ್ಯಾರ್ಥಿ. ಮೇಡಂ, ಕೇಪ್ ಬಗ್ಗೆ ಸಾವಿರಾರು ಪ್ರಬಂಧಗಳಿವೆ. ಇಷ್ಟೆಲ್ಲ ಇದ್ದೂ ಯಾಕೆ ಒಂದು ಮಾತ್ರೆಯೂ ಮಾರುಕಟ್ಟೆಗೆ ಬಂದಿಲ್ಲ?
— ಓದುಗ, ಬೆಳಗಾವಿ

ಉತ್ತರ: ಒಳ್ಳೆಯ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇರೆ ಓದುಗರಿಗೂ ಉಪಯೋಗ ಆಗುತ್ತದೆ.

ಕೇಪ್ ಮಾಡುವ ಮುಖ್ಯ ಕೆಲಸ ಉರಿಯೂತ ತಣಿಸುವುದು. ನಮ್ಮ ಕೋಶದಲ್ಲಿ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನ್ ಇದೆ. ಮಾಮೂಲಿ ದಿನಗಳಲ್ಲಿ ಅದು ಕೋಶಕೇಂದ್ರದ ಹೊರಗೆ ಸುಮ್ಮನೆ ಕೂತಿರುತ್ತದೆ. ಗಾಯವಾದರೆ, ಸೋಂಕು ತಗುಲಿದರೆ ಒಳಗೆ ಹೋಗಿ ಡಿಎನ್‌ಎ ಮೇಲೆ ಕೂತು, ಊತ ಬರಿಸುವ ಪ್ರೋಟೀನ್‌ಗಳನ್ನೆಲ್ಲ ತಯಾರು ಮಾಡಿಸುತ್ತದೆ. ಎಷ್ಟೋ ಕ್ಯಾನ್ಸರ್‌ಗಳಲ್ಲಿ, ಸಂಧಿವಾತದಲ್ಲಿ ಅದು ಹೊರಗೆ ಬರುವುದನ್ನೇ ಮರೆತುಬಿಡುತ್ತದೆ. ಕೇಪ್ ಈ ಪ್ರೋಟೀನನ್ನು ತಡೆಯುತ್ತದೆ ಎಂದು 1996ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದಿನಿಂದ ಪ್ರಯೋಗಾಲಯಗಳಲ್ಲಿ ಎನ್‌ಎಫ್ ಕಪ್ಪಾ ಬಿ ಯನ್ನು ನಿಲ್ಲಿಸಿ ನೋಡಬೇಕಾದರೆ ಕೇಪ್ ಬಳಸುವುದು ರೂಢಿಯಾಗಿದೆ. ನೀವು ಹೇಳುವ ಸಾವಿರಾರು ಪ್ರಬಂಧಗಳಲ್ಲಿ ಎಷ್ಟೋ ಇಂಥವು. ಅಲ್ಲಿ ಕೇಪ್ ಒಂದು ಸಲಕರಣೆ. ಔಷಧಿ ಎಂದು ಯಾರಿಗೂ ಕೊಟ್ಟದ್ದಲ್ಲ.

ಈಗ ಮಾತ್ರೆಯ ವಿಷಯ. ಕೇಪಿನ ರಚನೆ ಬರೆದು ನೋಡಿ. ಒಂದು ತುದಿಯಲ್ಲಿ ಕೆಫೀಕ್ ಆಸಿಡ್. ಇನ್ನೊಂದು ತುದಿಯಲ್ಲಿ ಫೀನೆಥೈಲ್ ಆಲ್ಕೋಹಾಲ್, ಗುಲಾಬಿಗೆ ಪರಿಮಳ ಕೊಡುವ ಅದೇ ವಸ್ತು. ನಡುವೆ ಎಸ್ಟರ್ ಕೊಂಡಿ. ಈ ಕೊಂಡಿಯೇ ಅದರ ದುರ್ಬಲ ಜಾಗ. ಎಸ್ಟರೇಸ್ ಎಂಬ ಕಿಣ್ವ ಸಿಕ್ಕರೆ ಅಲ್ಲೇ ತುಂಡಾಗುತ್ತದೆ. ಇಲಿಯ ರಕ್ತದಲ್ಲಿ ಇಂಥ ಕಿಣ್ವ ಧಾರಾಳ. ರಕ್ತಕ್ಕೆ ಹಾಕಿದ ಕೇಪ್ ಅರ್ಧ ಗಂಟೆಯೊಳಗೆ ಅರ್ಧಕ್ಕೆ ಇಳಿದುಬಿಡುತ್ತದೆ. ಮನುಷ್ಯರ ರಕ್ತದಲ್ಲಿ ಅಷ್ಟು ಬೇಗ ತುಂಡಾಗುವುದಿಲ್ಲ, ಅದು ಸಮಾಧಾನದ ಸಂಗತಿ. ಆದರೆ ನಮ್ಮ ಲಿವರ್‌ನಲ್ಲಿ ಅದೇ ಜಾತಿಯ ಕಿಣ್ವಗಳಿವೆ. ಬಾಯಿಂದ ಕೊಟ್ಟದ್ದೆಲ್ಲ ಮೊದಲು ಅಲ್ಲಿಗೇ ಹೋಗುವುದು.

ತುಂಡಾದ ಮೇಲೆ ಉಳಿಯುವುದೇನು? ಕೆಫೀಕ್ ಆಸಿಡ್. ಕಾಫಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಸಿಡ್ ಹೊಟ್ಟೆಗೆ ಹೋಗಿ ಒಡೆದರೂ ಸಿಗುವುದು ಅದೇ. ಅಂದರೆ ದುಬಾರಿ ಡ್ರಾಪ್ಸ್‌ನ ಕೇಪ್ ಲಿವರ್‌ನಲ್ಲಿ ಒಡೆದುಹೋದರೆ, ಚಿಕ್ಕಮಗಳೂರಿನ ಒಂದು ಲೋಟ ಕಾಫಿ ಕೊಡುವುದನ್ನೇ ಅದೂ ಕೊಡುತ್ತದೆ. ಈ ಮಾತು ನನ್ನ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಮಕ್ಕಳು ಅವತ್ತಿನ ಪಾಠದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯುತ್ತಿರಲಿಲ್ಲ.

ಇನ್ನೊಂದು ತೊಡಕು, ನೀರಲ್ಲಿ ಕರಗುವುದಿಲ್ಲ. ಕೊಬ್ಬಿನ ಕಣದೊಳಗೆ ತುಂಬಿ ಕೊಡುವುದು, ಫ್ಲೋರಿನ್ ಸೇರಿಸುವುದು, ಎಸ್ಟರ್ ಕೊಂಡಿಯ ಜಾಗದಲ್ಲಿ ಗಟ್ಟಿಯಾದ ಅಮೈಡ್ ಕೊಂಡಿ ಹಾಕುವುದು, ಹೀಗೆ ಪ್ರಯತ್ನಗಳು ನಡೆದಿವೆ. ನನಗೆ ಭರವಸೆ ಇರುವುದು ಈ ದಾರಿಯಲ್ಲಿ. ಪ್ರೊಪೊಲಿಸ್ ಡ್ರಾಪ್ಸ್‌ಗಿಂತ ಕೇಪಿನ ಆಕಾರ ನೋಡಿ ಕಟ್ಟಿದ ಯಾವುದೋ ಹೊಸ ಅಣು ಒಂದು ದಿನ ಮಾತ್ರೆಯಾಗಬಹುದು. ಇವತ್ತಿಗೆ ಕ್ಯಾನ್ಸರ್‌ಗೆ ಕೇಪ್ ಔಷಧಿ ಎಂದು ಯಾವ ದೇಶವೂ ಒಪ್ಪಿಲ್ಲ. ಮುಂದೆ ಎಂ.ಫಾರ್ಮಾ ಮಾಡುವುದಾದರೆ ಈ ವಿಷಯ ತೆಗೆದುಕೊಳ್ಳಿ. ಕೆಲಸ ಬೇಕಾದಷ್ಟಿದೆ.

ಪ್ರಶ್ನೆ: ನಮ್ಮಲ್ಲಿ ಹದಿನೈದು ತುಡುವೆ ಪೆಟ್ಟಿಗೆಗಳಿವೆ, ಗೋಡೆಯಲ್ಲಿ ಮಿಸ್ರಿ ಜೇನೂ ಇದೆ. ಜೇನುತುಪ್ಪಕ್ಕಿಂತ ಪ್ರೊಪೊಲಿಸ್‌ಗೆ ಬೆಲೆ ಜಾಸ್ತಿ ಎಂದು ಕೇಳಿದೆ. ನಮ್ಮ ಪೆಟ್ಟಿಗೆಯಿಂದ ಕೇಪ್ ಇರುವ ಪ್ರೊಪೊಲಿಸ್ ತೆಗೆಯಬಹುದೇ?
— ಜೇನು ಕೃಷಿಕರು, ಸಿದ್ದಾಪುರ

ಉತ್ತರ: ಇಲ್ಲ. ಕೇಪ್ ಇರುವ ಪ್ರೊಪೊಲಿಸ್ ನಿಮ್ಮಲ್ಲಿ ಸಿಗುವುದಿಲ್ಲ. ಇದನ್ನು ವಿವರವಾಗಿ ಬರೆಯುತ್ತೇನೆ. ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಸಂಗತಿ ಇದೇ.

ಕೇಪನ್ನು ಜೇನುನೊಣ ಮಾಡುವುದಿಲ್ಲ. ಮರ ಮಾಡುತ್ತದೆ. ಯುರೋಪಿನಲ್ಲಿ ಕಪ್ಪು ಪಾಪ್ಲರ್ ಎಂಬ ಮರ ಇದೆ. ಅದರ ಎಲೆಮೊಗ್ಗಿನ ಮೇಲೆ ಹೊಳೆಯುವ ಅಂಟು ಒಸರುತ್ತದೆ. ಕೇಪ್ ಇರುವುದು ಆ ಅಂಟಿನಲ್ಲಿ. ಅಲ್ಲಿಯ ಸಾಕುಜೇನು ಮೆಲ್ಲಿಫೆರಾ ಮಧ್ಯಾಹ್ನದ ಬಿಸಿಲಿಗೆ ಅದು ಮೆತ್ತಗಾಗುವುದನ್ನು ಕಾದು, ದವಡೆಯಲ್ಲಿ ಕಚ್ಚಿ ಎಳೆದು, ಪರಾಗ ತುಂಬಿಕೊಳ್ಳುವ ಹಿಂಗಾಲಿನ ಬುಟ್ಟಿಗೇ ಅಂಟಿಸಿಕೊಂಡು ಬರುತ್ತದೆ. ಗೂಡಿಗೆ ಬಂದ ಮೇಲೆ ತಾನೇ ಇಳಿಸಿಕೊಳ್ಳಲು ಆಗುವುದಿಲ್ಲ. ಒಳಗಿನ ನೊಣಗಳು ಬಂದು ಚೂರುಚೂರೇ ಕಚ್ಚಿ ಎಳೆಯಬೇಕು. ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಅದು ಕಾಲು ಚಾಚಿಕೊಂಡು ತಾಳ್ಮೆಯಿಂದ ನಿಂತಿರುತ್ತದೆ.

ಮರ ಬದಲಾದರೆ ಪ್ರೊಪೊಲಿಸ್ಸೇ ಬದಲಾಗುತ್ತದೆ. ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ಹಸಿರು ಪ್ರೊಪೊಲಿಸ್ ಜಗತ್ಪ್ರಸಿದ್ಧ, ಜಪಾನಿನವರು ಅದನ್ನು ತುಂಬಾ ಕೊಳ್ಳುತ್ತಾರೆ. ಅಲ್ಲಿ ನೊಣ ಹೋಗುವುದು ಬಕಾರಿಸ್ ಎಂಬ ಪೊದೆಯ ಚಿಗುರಿಗೆ. ಅದರ ಮುಖ್ಯ ವಸ್ತು ಆರ್ಟೆಪಿಲ್ಲಿನ್ ಸಿ, ಕೇಪ್ ಅಲ್ಲ. ಬ್ರೆಜಿಲ್‌ನದೇ ಅಲಗೋವಾಸ್ ಕರಾವಳಿಯಲ್ಲಿ ಕೆಂಪು ಪ್ರೊಪೊಲಿಸ್ ಸಿಗುತ್ತದೆ. ಅದು ನಮ್ಮ ಬೀಟೆ ಮರದ ಕುಲದ ಒಂದು ಗಿಡದ್ದು, ಅದರ ರಸಾಯನವೇ ಬೇರೆ. ತೈವಾನ್, ಒಕಿನಾವಾಗಳಲ್ಲಿ ಮಕರಂಗ ಮರದ್ದು. ಎಲ್ಲಕ್ಕೂ ಅಂಗಡಿಯಲ್ಲಿ ಒಂದೇ ಹೆಸರು.

ಇದು ಸುಮ್ನೆ ಪುಸ್ತಕದ ಮಾತಲ್ಲ. ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಸಂಸ್ಥೆಯ ಮುಂದೆ ಕಂಪನಿಗಳು ಪ್ರೊಪೊಲಿಸ್ ಆರೋಗ್ಯಕ್ಕೆ ಒಳ್ಳೆಯದು ಎಂದು ಲೇಬಲ್ ಮೇಲೆ ಬರೆಯಲು ಅನುಮತಿ ಕೇಳಿದ್ದವು. 2010ರಲ್ಲಿ ಸಂಸ್ಥೆ ಒಪ್ಪಲಿಲ್ಲ. ಕಾರಣ ಏನು ಗೊತ್ತಾ? ಒಳಗೆ ಏನು, ಎಷ್ಟು ಇದೆ ಎಂಬುದೇ ಸರಿಯಾಗಿ ನಿಗದಿಯಾಗಿಲ್ಲ ಎಂದರು. ನನಗೆ ಅದು ತೀರಾ ನ್ಯಾಯವಾದ ತೀರ್ಮಾನ ಅನಿಸಿತು.

ಈಗ ನಿಮ್ಮ ಪೆಟ್ಟಿಗೆಗೆ ಬರೋಣ. ತುಡುವೆ ರಾಳ ತರುವ ಜಾತಿಯೇ ಅಲ್ಲ. ಸಂದು ಮುಚ್ಚಬೇಕಾದರೆ ಮೇಣದಲ್ಲೇ ಮುಚ್ಚುತ್ತದೆ. ನೀವೇ ನೋಡಿರುತ್ತೀರಿ, ಎರಿಯ ಚೌಕಟ್ಟು ಎತ್ತಿದರೆ ಸಲೀಸಾಗಿ ಬರುತ್ತದೆ. ಮೆಲ್ಲಿಫೆರಾ ಸಾಕುವವರು ಚೌಕಟ್ಟು ಕೀಳಲು ಕಬ್ಬಿಣದ ಪಟ್ಟಿಯಲ್ಲಿ ಮೀಟಬೇಕು, ಚಳಿಯಲ್ಲಿ ಟಕ್ ಎಂದು ಶಬ್ದ ಬರುತ್ತದೆ. ಆ ಅಂಟೇ ಪ್ರೊಪೊಲಿಸ್. ನಮ್ಮ ರಾಜ್ಯದಲ್ಲಿ ಮೆಲ್ಲಿಫೆರಾ ಬಂದದ್ದು 1991-92ರ ಥಾಯ್ ಸ್ಯಾಕ್‌ಬ್ರೂಡ್ ರೋಗ ತುಡುವೆಯನ್ನು ಗುಡಿಸಿಹಾಕಿದ ಮೇಲೆ. ಬಯಲುಸೀಮೆಯಲ್ಲಿ ಸೂರ್ಯಕಾಂತಿ ಹಿಂದೆ ಪೆಟ್ಟಿಗೆ ಸಾಗಿಸುವವರ ಹತ್ತಿರ ಅದು ಇದೆ. ಆದರೆ ನಮ್ಮಲ್ಲಿ ಕಪ್ಪು ಪಾಪ್ಲರ್ ಎಲ್ಲಿದೆ? ಉತ್ತರದಲ್ಲಿ, ಯಮುನಾನಗರದ ಸುತ್ತ ಪ್ಲೈವುಡ್‌ಗಾಗಿ ಪಾಪ್ಲರ್ ಬೆಳೆಯುತ್ತಾರೆ, ಅದು ಅಮೆರಿಕದಿಂದ ಬಂದ ಬೇರೆ ಜಾತಿಯದು. ಹಾಗಾಗಿ ಅಲ್ಲಿಯ ಪ್ರೊಪೊಲಿಸ್‌ನಲ್ಲೂ ಕೇಪ್ ಎಷ್ಟಿದೆ ಎಂದು ಅಳೆದೇ ಹೇಳಬೇಕು.

ಮಿಸ್ರಿ ಬಗ್ಗೆ ಕೇಳಿದ್ದೀರಿ. ಕೆಲವರು ನಸರಿ ಅನ್ನುತ್ತಾರೆ, ಕರಾವಳಿಯವರು ಮುಜಂಟಿ. ಅದು ರಾಳದ ಹುಚ್ಚು ಇರುವ, ಚುಚ್ಚದ ಪುಟ್ಟ ನೊಣ. ಗೂಡಿನ ಬಾಯಿಯ ಕೊಳವೆಯಿಂದ ಹಿಡಿದು ತುಪ್ಪದ ಬುರುಡೆಗಳವರೆಗೆ ಎಲ್ಲವೂ ಮೇಣ ಮತ್ತು ರಾಳದ ಮಿಶ್ರಣ. ನಮ್ಮ ಮನೆಯ ಗೋಡೆಯಲ್ಲಿರುವವು ಹಲಸಿನ ಮರದ ಕಡಿತದ ಮೇಲೆ ಮುತ್ತಿಕೊಳ್ಳುತ್ತವೆ. ಕೊಂಬೆ ಕಡಿದ ಮರುದಿನ ಹೋಗಿ ನೋಡಿ, ಹಾಲು ಗಟ್ಟಿಯಾಗುವ ಅಂಚಿನಲ್ಲೇ ಕೂತಿರುತ್ತವೆ, ಹಿಂಗಾಲಲ್ಲಿ ಸಾಸಿವೆಗಿಂತ ಸಣ್ಣ ಹೊಳೆಯುವ ಉಂಡೆ. ಆ ಅಂಟಿನಲ್ಲಿ ಕೇಪ್ ಹುಡುಕಿ ಫಲವಿಲ್ಲ. ಆದರೆ ಹಲಸು, ಮಾವು, ಧೂಪದ ರಾಳಗಳಲ್ಲಿ ಅವುಗಳದೇ ಆದ ವಸ್ತುಗಳಿವೆ. ಮಲೆನಾಡಿನ ಮಿಸ್ರಿ ಅಂಟಿನ ಮೇಲೆ ಒಂದು ಗಂಭೀರ ಅಧ್ಯಯನ ಆಗಬೇಕು ಎಂಬುದು ನನ್ನ ಆಸೆ. ನಮ್ಮ ವಿಶ್ವವಿದ್ಯಾಲಯಗಳಿಗೆ ಇದು ಕೈಗೆಟುಕುವ ಕೆಲಸ.

ಮಾರುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ನೊಣಕ್ಕೆ ಅಂಟು ಅಂಟೇ. ಹಸಿ ಪೇಂಟ್, ಡಾಂಬರು, ಗ್ರೀಸ್ ಎಲ್ಲವನ್ನೂ ತರುತ್ತದೆ. ರಸ್ತೆ ಬದಿಯ ಗೂಡುಗಳ ಪ್ರೊಪೊಲಿಸ್‌ನಲ್ಲಿ ಸೀಸ ಸಿಕ್ಕಿದ್ದಿದೆ. ಲ್ಯಾಬ್ ಪರೀಕ್ಷೆ ಇಲ್ಲದೆ ಔಷಧಿ ಎಂದು ಯಾರಿಗೂ ಕೊಡಬೇಡಿ.

ಇನ್ನೊಂದು ಮಾತು. ಗೂಡಿನ ಅಂಟು ಕೆರೆದು ತೆಗೆಯುವ ಮೊದಲು ಅದು ನೊಣಕ್ಕೆ ಏನು ಎಂದೂ ನೋಡಬೇಕು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಮಾರ್ಲಾ ಸ್ಪಿವಾಕ್ ಅವರ ತಂಡ ಪೆಟ್ಟಿಗೆಯ ಒಳಗೋಡೆಗೆ ಪ್ರೊಪೊಲಿಸ್ ಬಳಿದು ನೋಡಿತು. ಅಂಥ ಪೆಟ್ಟಿಗೆಯ ನೊಣಗಳ ರೋಗನಿರೋಧಕ ವ್ಯವಸ್ಥೆ ಕಡಿಮೆ ದುಡಿಯುತ್ತಿತ್ತು. ಗೋಡೆಯೇ ಸೂಕ್ಷ್ಮಜೀವಿಗಳನ್ನು ತಡೆದದ್ದರಿಂದ ಅವುಗಳ ಮೈಗೆ ಆ ಕೆಲಸ ತಪ್ಪಿತು. ನೊಣ ಅದನ್ನು ತಿನ್ನುವುದಿಲ್ಲ, ಗೋಡೆಗೆ ಬಳಿಯುತ್ತದೆ. ಮಿಸ್ರಿ ಗೂಡಿನ ಅಂಟನ್ನೆಲ್ಲ ಕೆರೆದರೆ ಇರುವೆಗಳು ನುಗ್ಗಿ ಗೂಡೇ ಹೋದೀತು.

ಪ್ರಶ್ನೆ: ಜ್ವರ ಬಂದಾಗಲೆಲ್ಲ ನನ್ನ ತುಟಿಯ ಮೇಲೆ ನೀರುಗುಳ್ಳೆ ಏಳುತ್ತದೆ. ಪ್ರೊಪೊಲಿಸ್ ಕ್ರೀಮ್ ಹಚ್ಚಬಹುದೇ?
— ಓದುಗಿ, ಹಾಸನ

ಉತ್ತರ: ಹಚ್ಚಬಹುದು, ಅಲರ್ಜಿ ಇಲ್ಲದಿದ್ದರೆ. ಪ್ರೊಪೊಲಿಸ್‌ಗೆ ಗಟ್ಟಿ ಆಧಾರ ಇರುವ ಕೆಲವೇ ಕಡೆಗಳಲ್ಲಿ ಇದೊಂದು. ಆ ಗುಳ್ಳೆ ಹರ್ಪಿಸ್ ವೈರಸ್‌ನಿಂದ ಬರುವುದು. ಜೆಕ್ ಗಣರಾಜ್ಯದಲ್ಲಿ ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಅರ್ಧ ಪರ್ಸೆಂಟ್ ಪ್ರೊಪೊಲಿಸ್ ಕ್ರೀಮ್, ಇನ್ನೊಬ್ಬರಿಗೆ ಮಾಮೂಲಿ 5 ಪರ್ಸೆಂಟ್ ಅಸೈಕ್ಲೋವಿರ್ ಕ್ರೀಮ್ ಕೊಟ್ಟರು. ಪ್ರೊಪೊಲಿಸ್ ಗುಂಪಿನವರಿಗೆ ಸುಮಾರು ಒಂದು ದಿನ ಮುಂಚೆ ಗುಣವಾಯಿತು. ಆದರೆ ಅಲ್ಲಿ ಬಳಸಿದ್ದು ಒಂದೇ ಬಗೆಯಾಗಿ ಶುದ್ಧೀಕರಿಸಿದ ಸಾರ. ನೀವು ಕೊಳ್ಳುವುದರಲ್ಲಿ ಅದೇ ಇದೆಯೇ ಎಂದು ನೋಡಿಕೊಳ್ಳಿ. ಸಿಗದಿದ್ದರೆ ಅಸೈಕ್ಲೋವಿರ್ ಸಾಕು, ಹತ್ತಿರದ ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ, ಅಗ್ಗವೂ ಹೌದು. ಯಾವುದೇ ಆಗಲಿ, ತುಟಿ ಚುರುಚುರು ಅನ್ನಲು ಶುರುವಾದ ಕೂಡಲೇ ಹಚ್ಚಬೇಕು.

ಪ್ರಶ್ನೆ: ಪ್ರೊಪೊಲಿಸ್ ಲಿಪ್ ಬಾಮ್ ಹಚ್ಚಿದ ಮೇಲೆ ನನ್ನ ತುಟಿ, ಬಾಯಿಯ ಸುತ್ತ ಕೆಂಪಾಗಿ ತುರಿಸಿ ಸಿಪ್ಪೆ ಎದ್ದಿತು. ಮೈಯಿಂದ ವಿಷ ಹೊರಬರುವಾಗ ಹೀಗಾಗುತ್ತದೆ, ನಿಲ್ಲಿಸಬೇಡಿ ಎಂದು ಮಾರಿದವರು ಹೇಳಿದರು. ಮುಂದುವರಿಸಲೇ?
— ಓದುಗಿ, ಮಂಗಳೂರು

ಉತ್ತರ: ಇವತ್ತೇ ನಿಲ್ಲಿಸಿ. ವಿಷ ಹೊರಬರುವುದು ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ತುಂಬಾ ಸಂಕಟವಾಗುತ್ತದೆ. ಜನ ನೋವನ್ನೇ ಗುಣ ಎಂದು ನಂಬಿ ಸಹಿಸಿಕೊಳ್ಳುತ್ತಾರೆ. ನಿಮಗೆ ಆಗಿರುವುದು ಅಲರ್ಜಿ ಎಂದೇ ಕಾಣುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಪ್ರೊಪೊಲಿಸ್‌ನಲ್ಲಿ ಚರ್ಮದ ಅಲರ್ಜಿ ಬರಿಸುವ ವಸ್ತುಗಳು ಯಾವುವು ಎಂದು 1980ರ ದಶಕದಲ್ಲೇ ಜರ್ಮನಿಯಲ್ಲಿ ಹುಡುಕಿದರು. ಸಿಕ್ಕವು ಕೆಫೀಕ್ ಆಸಿಡ್ಡಿನ ಎಸ್ಟರ್‌ಗಳು. ಅವುಗಳಲ್ಲಿ ಒಂದು ಕೇಪ್. ಹೌದು, ಉರಿಯೂತ ತಣಿಸುತ್ತದೆ ಎಂದು ಮೇಲೆ ಬರೆದೆನಲ್ಲ, ಅದೇ ಕೇಪ್. ಒಬ್ಬರ ಕೋಶದಲ್ಲಿ ಊತ ಇಳಿಸುವ ವಸ್ತುವನ್ನು ಇನ್ನೊಬ್ಬರ ಚರ್ಮ ಶತ್ರು ಎಂದು ಗುರುತು ಹಿಡಿದು ಕೆರಳುತ್ತದೆ. ಒಮ್ಮೆ ಗುರುತು ಹಿಡಿದರೆ ಸಾಮಾನ್ಯವಾಗಿ ಜೀವಮಾನ ಪೂರ್ತಿ ಮರೆಯುವುದಿಲ್ಲ. ಯುರೋಪಿನ ಚರ್ಮವೈದ್ಯರು ಅಲರ್ಜಿ ಪತ್ತೆಗೆ ಬೆನ್ನಿಗೆ ಅಂಟಿಸುವ ಪಟ್ಟಿಗಳಲ್ಲಿ ಪ್ರೊಪೊಲಿಸ್ ಕೂಡ ಇರುತ್ತದೆ. ಜೇನು ಸಾಕುವವರ ಕೈಯಲ್ಲಿ ಈ ತುರಿಕೆ ಹಳೆಯ ಸಮಸ್ಯೆ.

ಚರ್ಮದ ಡಾಕ್ಟರಿಗೆ ತೋರಿಸಿ, ಪ್ಯಾಚ್ ಟೆಸ್ಟ್ ಮಾಡುತ್ತಾರೆಯೇ ಕೇಳಿ. ಮುಂದೆ ಟೂತ್‌ಪೇಸ್ಟ್, ಗಂಟಲಿನ ಸ್ಪ್ರೇ, ಕೆಮ್ಮಿನ ಮಿಠಾಯಿ, ಕ್ರೀಮ್ ಏನೇ ಕೊಂಡರೂ ಲೇಬಲ್ ಓದಿ. ಬಾಲ್ಸಮ್ ಆಫ್ ಪೆರು ಎಂಬ ಸುಗಂಧ ರಾಳಕ್ಕೂ ಕೆಲವರಿಗೆ ಜೊತೆಯಲ್ಲೇ ಅಲರ್ಜಿ ಇರುತ್ತದೆ. ಅದನ್ನೂ ಡಾಕ್ಟರಿಗೆ ಹೇಳಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಶುಗರ್ ಇದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ. ಪ್ರೊಪೊಲಿಸ್ ಕ್ಯಾಪ್ಸೂಲ್ ಶುರುಮಾಡಿ ಶುಗರ್ ಮಾತ್ರೆ ಅರ್ಧ ಮಾಡಿದ್ದಾರೆ.
— ಓದುಗಿ, ಕಲಬುರಗಿ

ಉತ್ತರ: ಮಾತ್ರೆಯನ್ನು ಮೊದಲು ಎಷ್ಟಿತ್ತೋ ಅಷ್ಟಕ್ಕೆ ತರಲು ಹೇಳಿ. ಇವತ್ತೇ. ಇರಾನ್‌ನ ಕೆಲವು ಪ್ರಯೋಗಗಳಲ್ಲಿ ಪ್ರೊಪೊಲಿಸ್‌ನಿಂದ ಸಕ್ಕರೆ ಸ್ವಲ್ಪ ಇಳಿದದ್ದು ನಿಜ, ಅದೂ ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದವರಲ್ಲಿ. ಜಪಾನ್‌ನಲ್ಲಿ ಹಸಿರು ಪ್ರೊಪೊಲಿಸ್ ಕೊಟ್ಟಾಗ ಸಕ್ಕರೆ ಇಳಿಯಲೇ ಇಲ್ಲ. ಮೂತ್ರದ ಪ್ರೋಟೀನ್ ವಿಷಯದಲ್ಲಿ 2019ರಲ್ಲಿ ಬ್ರೆಜಿಲ್‌ನಿಂದ ಒಂದು ಪ್ರಯೋಗ ಪ್ರಕಟವಾಗಿದೆ. ಕಿಡ್ನಿ ತೊಂದರೆ ಇದ್ದ 32 ಜನರಿಗೆ ಒಂದು ವರ್ಷ ಕೊಟ್ಟು ನೋಡಿದಾಗ ಪ್ರೊಪೊಲಿಸ್ ಗುಂಪಿನಲ್ಲಿ ಪ್ರೋಟೀನ್ ಸೋರುವುದು ಕಡಿಮೆಯಾಯಿತು. ಆಸೆ ಹುಟ್ಟಿಸುವ ಫಲಿತಾಂಶ, ಆದರೆ 32 ಜನ ತುಂಬಾ ಕಡಿಮೆ. ಅದೂ ಹಸಿರು ಪ್ರೊಪೊಲಿಸ್, ಅದರಲ್ಲಿ ಕೇಪ್ ಮುಖ್ಯವಲ್ಲ ಎಂದು ಸಿದ್ದಾಪುರದವರಿಗೆ ಬರೆದಿದ್ದೇನೆ. ತೈವಾನ್‌ನವರ ಕಿಡ್ನಿಗೆ ಏನಾಯಿತು ಎಂದೂ ಮೇಲೆ ಓದಿದಿರಿ. ಕ್ಯಾಪ್ಸೂಲ್ ವಿಷಯ ಕಿಡ್ನಿ ಡಾಕ್ಟರೇ ತೀರ್ಮಾನಿಸಲಿ. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಅದನ್ನೂ ತಪ್ಪದೆ ತಿಳಿಸಿ.

ಪ್ರಶ್ನೆ: ಡ್ರಾಪ್ಸನ್ನು ನೀರಿಗೆ ಹಾಕಿದರೆ ಬಿಳಿಯಾಗುತ್ತದೆ, ಲೋಟಕ್ಕೆ ಅಂಟಿಕೊಳ್ಳುತ್ತದೆ. ನಕಲಿ ಮಾಲೇ?
— ಓದುಗ, ಮೈಸೂರು

ಉತ್ತರ: ಹಾಗಾಗುವುದು ನಕಲಿಯ ಗುರುತಲ್ಲ. ರಾಳ ಆಲ್ಕೋಹಾಲ್‌ನಲ್ಲಿ ಕರಗುತ್ತದೆ, ನೀರಲ್ಲಿ ಕರಗುವುದಿಲ್ಲ. ಹನಿ ನೀರಿಗೆ ಬಿದ್ದ ಕೂಡಲೇ ಆಲ್ಕೋಹಾಲ್ ನೀರಿನಲ್ಲಿ ಬೆರೆತುಹೋಗುತ್ತದೆ, ರಾಳ ಸಣ್ಣ ಕಣಗಳಾಗಿ ಬೇರೆಯಾಗುತ್ತದೆ. ಅದಕ್ಕೇ ಹಾಲಿನಂತೆ ಕಾಣುವುದು. ಆಮೇಲೆ ಗಾಜಿಗೆ ಹಳದಿ ಪದರ ಅಂಟುತ್ತದೆ, ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಹಾಗೆಂದು ಬಿಳಿಯಾದದ್ದೆಲ್ಲ ಅಸಲಿ ಎಂದೂ ಅಲ್ಲ, ಯಾವ ಮರದ ರಾಳ ಹಾಕಿದರೂ ಹೀಗೇ ಆಗುತ್ತದೆ. ಬಾಟಲಿಯ ಮೇಲೆ ಯಾವ ದೇಶದ್ದು, ಯಾವ ಗಿಡದ್ದು, ಫ್ಲೇವನಾಯ್ಡ್ (ಗಿಡಗಳಲ್ಲಿರುವ ಒಂದು ಬಗೆಯ ವಸ್ತು) ಎಷ್ಟು, ಆಲ್ಕೋಹಾಲ್ ಎಷ್ಟು ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಕೊಳ್ಳಬೇಡಿ. ಆಲ್ಕೋಹಾಲ್ ಇರುವುದನ್ನು ಮಕ್ಕಳಿಗೆ ಕೊಡಬೇಡಿ. ಲೋಟವನ್ನು ಸ್ಪಿರಿಟ್ ಅಥವಾ ಕೈಗೆ ಹಾಕುವ ಸ್ಯಾನಿಟೈಜರ್ ಹಾಕಿದ ಹತ್ತಿಯಲ್ಲಿ ಒರೆಸಿ, ಆಮೇಲೆ ಸೋಪಿನಿಂದ ತೊಳೆಯಿರಿ.